ಅಂದಿನ ಕಾಲು, ಇಂದಿನ ಕಾಲ

ಸಿಯಾಟಲ್ ನಗರದಲ್ಲಿ, ವಾಷಿಂಗ್ಟನ್ ಸರೋವರದ ದಡಕ್ಕೆ ತಾಗಿಕೊಂಡಂತೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಸ್ಕಿ ಸ್ಟೇಡಿಯಂ ಇದೆ. ಈಗ ಅದು ಅಪ್ಪಟ ಅಮೆರಿಕನ್ ಫುಟ್‌ಬಾಲ್ ಮೈದಾನ. 2011ರಿಂದ 2013ರವರೆಗೆ ನಡೆದ ನವೀಕರಣದಲ್ಲಿ ಮೈದಾನದ ಸುತ್ತ ಇದ್ದ ಓಟದ ಟ್ರ್ಯಾಕನ್ನು ತೆಗೆದುಹಾಕಿ ಆಸನಗಳನ್ನು ಆಟಗಾರರ ಹತ್ತಿರಕ್ಕೆ ತಂದರು. ಇವತ್ತು ಮೈದಾನದಂಚಿಗೆ ಆಸನಗಳಿರುವ ಆ ಜಾಗದಲ್ಲಿ 1978ರ ಮೇ 13ರಂದು ಕೀನ್ಯಾದ ಹೆನ್ರಿ ರೋನೊ 3,000 ಮೀಟರ್ ಸ್ಟೀಪಲ್‌ಚೇಸನ್ನು 8 ನಿಮಿಷ 5.4 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಬರೆದರು. ದೊಡ್ಡ ಅಂತಾರಾಷ್ಟ್ರೀಯ ಕೂಟವೇನೂ ಅಲ್ಲ, ಕಾಲೇಜು ಹುಡುಗರು ಸೇರಿದ್ದ ಕೂಟ ಅದು. ರೋನೊ ಆಗ ವಾಷಿಂಗ್ಟನ್ ರಾಜ್ಯದ ಪೂರ್ವ ತುದಿಯ ಪುಲ್‌ಮನ್ ಊರಿನಲ್ಲಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಆ ವರ್ಷ 81 ದಿನಗಳೊಳಗೆ ನಾಲ್ಕು ಬೇರೆ ಬೇರೆ ಸ್ಪರ್ಧೆಗಳಲ್ಲಿ ನಾಲ್ಕು ವಿಶ್ವ ದಾಖಲೆ ಮುರಿದರು: ಬರ್ಕ್ಲಿಯಲ್ಲಿ 5,000 ಮೀಟರ್, ಸಿಯಾಟಲ್‌ನಲ್ಲಿ ಸ್ಟೀಪಲ್‌ಚೇಸ್, ವಿಯೆನ್ನಾದಲ್ಲಿ 10,000, ಓಸ್ಲೋದಲ್ಲಿ 3,000.

ಸ್ಟೀಪಲ್‌ಚೇಸ್ ನೋಡದವರಿಗೆ ಒಂದು ಮಾತು. ಓಟದುದ್ದಕ್ಕೂ 28 ಬಾರಿ ಮರದ ಅಡ್ಡಗಟ್ಟೆ ದಾಟಬೇಕು, ಏಳು ಬಾರಿ ನೀರಿನ ಹೊಂಡ ಹಾರಬೇಕು. ಪುರುಷರ ಅಡ್ಡಗಟ್ಟೆ 91.4 ಸೆಂಟಿಮೀಟರ್ ಎತ್ತರ. ಹರ್ಡಲ್ಸ್‌ನಲ್ಲಿ ಕಾಲು ತಾಗಿದರೆ ಬೇಲಿ ಬೀಳುತ್ತದೆ. ಇಲ್ಲಿ ಬೀಳುವುದು ಓಟಗಾರ. ಇವತ್ತಿನ ವಿಶ್ವ ದಾಖಲೆ 2023ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಇಥಿಯೋಪಿಯಾದ ಲಮೇಚ ಗಿರ್ಮ ಓಡಿದ 7 ನಿಮಿಷ 52.11 ಸೆಕೆಂಡು. ನಲವತ್ತೈದು ವರ್ಷಗಳ ಅಂತರದಲ್ಲಿ ಇಳಿದದ್ದು 13 ಸೆಕೆಂಡು ಚಿಲ್ಲರೆ, ನೂರಕ್ಕೆ ಮೂರು ಪಾಲೂ ಇಲ್ಲ. ಅದೇ ರೋನೊ 10,000 ಮೀಟರ್ ಓಡಿದ 27 ನಿಮಿಷ 22 ಸೆಕೆಂಡಿನ ದಾಖಲೆ ಮಾತ್ರ 26 ನಿಮಿಷ 11ಕ್ಕೆ ಬಂದು ನಿಂತಿದೆ. ಅಲ್ಲಿ ಇಳಿಕೆ ನೂರಕ್ಕೆ ನಾಲ್ಕು ದಾಟಿದೆ. ಒಬ್ಬನೇ ಮನುಷ್ಯ, ಒಂದೇ ಬೇಸಿಗೆ, ಆದರೂ ಒಂದು ದಾಖಲೆ ಇವತ್ತಿಗೂ ಹತ್ತಿರದಲ್ಲಿ ಕಾಣುತ್ತದೆ, ಇನ್ನೊಂದು ಬಹಳ ಹಳೆಯದಾಗಿ ಕಾಣುತ್ತದೆ. 2020ರಲ್ಲಿ ವೆಲೆನ್ಸಿಯಾದಲ್ಲಿ ಉಗಾಂಡದ ಜೋಶುವಾ ಚೆಪ್ಟಗೈ ಆ 26:11 ಓಡಿದಾಗ ಟ್ರ್ಯಾಕಿನ ಒಳ ಅಂಚಿನಲ್ಲಿ ಹಸಿರು ದೀಪಗಳು ಬೇಕಾದ ವೇಗದಲ್ಲೇ ಮುಂದೆ ಮುಂದೆ ಸಾಗುತ್ತಿದ್ದವು. ವೇಗ ಹಾಕಿಕೊಡಲೆಂದೇ ಕರೆಸಿದ ಓಟಗಾರರಿದ್ದರು. ಕಾಲಿನಲ್ಲಿ ಹೊಸ ತಲೆಮಾರಿನ ಶೂ ಇತ್ತು. ಸಪಾಟು ಓಟದಲ್ಲಿ ಈ ಅನುಕೂಲಗಳು ಹೆಜ್ಜೆ ಹೆಜ್ಜೆಗೂ ಕೂಡಿಬರುತ್ತವೆ. ಮೂವತ್ತೈದು ಸಲ ಲಯ ಮುರಿದು ನೆಗೆಯಬೇಕಾದ ಕಡೆ ಅಷ್ಟಾಗಿ ಒದಗುವುದಿಲ್ಲ ಎಂದು ನನ್ನ ಎಣಿಕೆ.

ರೋನೊ ಒಲಿಂಪಿಕ್ಸ್‌ನಲ್ಲಿ ಒಮ್ಮೆಯೂ ಓಡಲಿಲ್ಲ. 1976ರಲ್ಲಿ ವರ್ಣಭೇದದ ವಿಷಯಕ್ಕೆ ಆಫ್ರಿಕದ ದೇಶಗಳು ಮಾಂಟ್ರಿಯಲ್‌ನಿಂದ ಹೊರಬಂದವು, 1980ರಲ್ಲಿ ಅಫ್ಘಾನಿಸ್ತಾನದ ಕಾರಣಕ್ಕೆ ಕೀನ್ಯಾ ಮಾಸ್ಕೋಗೆ ಹೋಗಲಿಲ್ಲ. ಕುಡಿತ ಮತ್ತು ಬಡತನದಲ್ಲಿ ಅವರ ಮುಂದಿನ ಎಷ್ಟೋ ವರ್ಷಗಳು ಕಳೆದವು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಒಲಿಂಪಿಕ್ಸ್ ಪದಕಗಳ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದವನಿಗೆ ಏನೂ ಸಿಗುವುದಿಲ್ಲ.

ಹಳೆಯ ಓಟಗಾರರನ್ನು ಹೊಸಬರ ಪಕ್ಕ ನಿಲ್ಲಿಸಿ ಅಳೆಯುವಾಗ ಎಷ್ಟು ಹೊತ್ತಿನಲ್ಲಿ ಓಡಿದರು ಎಂಬುದರ ಜೊತೆಗೇ ಯಾರ ಅನುಮತಿಯಿಂದ, ಯಾವ ನೆಲದ ಮೇಲೆ, ಯಾರ ಖರ್ಚಿನಲ್ಲಿ ಓಡಿದರು ಎಂದೂ ಕೇಳಬೇಕು. ಈ ಪ್ರಾಂತ್ಯದಲ್ಲಿ ಆ ಪ್ರಶ್ನೆಯನ್ನು ಡೋರಿಸ್ ಬ್ರೌನ್ ಹೆರಿಟೇಜ್ ಅವರಷ್ಟು ಬಲವಾಗಿ ಕೇಳಿಸುವವರು ಮತ್ತೊಬ್ಬರಿಲ್ಲ.

ಡೋರಿಸ್ ಹುಟ್ಟಿದ್ದು 1942ರಲ್ಲಿ, ಗಿಗ್ ಹಾರ್ಬರ್‌ನಲ್ಲಿ. ಸಿಯಾಟಲ್‌ನಿಂದ ದಕ್ಷಿಣಕ್ಕೆ, ಟಕೋಮಾ ದಾಟಿದರೆ ಸಿಗುವ ಮೀನುಗಾರರ ಪುಟ್ಟ ಊರು ಅದು. ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಹಿನ್ನೀರು ಮನೆಗಳ ಬಾಗಿಲವರೆಗೆ ಬರುತ್ತದೆ. ದಡದಲ್ಲಿ ಮರಳಿಗಿಂತ ನುಣುಪು ಕಲ್ಲುಗಳೇ ಹೆಚ್ಚು, ಮೇಲೆ ದೇವದಾರಿನಂಥ ಮರಗಳ ಕಾಡು. ಆ ಹುಡುಗಿ ಓಟ ಕಲಿತದ್ದು ಅಲ್ಲಿ, ಕಡಲಂಚಿನಲ್ಲಿ ಮತ್ತು ಕಾಡುದಾರಿಯಲ್ಲಿ. ಶಾಲೆಯ ಟ್ರ್ಯಾಕ್ ಹುಡುಗರದ್ದು. ಹುಡುಗಿಯರು ಅದರ ಮೇಲೆ ಕಾಲಿಡುವಂತಿರಲಿಲ್ಲ. ಟಕೋಮಾದ ಒಂದು ಕ್ಲಬ್ ಸೇರಿದ ಮೇಲಷ್ಟೇ ಅವರಿಗೆ ಸ್ಪರ್ಧೆ ಎಂಬುದು ಸಿಕ್ಕಿತು.

ಆ ಕಾಲದ ನಂಬಿಕೆಯನ್ನು ಇಲ್ಲಿ ಹೇಳಲೇಬೇಕು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ 800 ಮೀಟರ್ ಇಟ್ಟರು. ಓಟ ಮುಗಿಸಿದ ಕೆಲವರು ಸುಸ್ತಾಗಿ ನೆಲಕ್ಕೆ ಒರಗಿದರು. ಪತ್ರಿಕೆಗಳು ಅದನ್ನೇ ಹಿಗ್ಗಿಸಿ, ಹೆಂಗಸರ ದೇಹಕ್ಕೆ ಇದು ಆಗದ ಮಾತು ಎಂದು ಬರೆದವು. ಸ್ಪರ್ಧೆಯನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ, ರೋಮ್‌ನಲ್ಲಿ. ಮೂವತ್ತೆರಡು ವರ್ಷ! ಗಂಡಸರೂ ಓಟದ ಕೊನೆಗೆ ನೆಲಕ್ಕುರುಳುತ್ತಿದ್ದರು, ಅವರ ಸ್ಪರ್ಧೆಯನ್ನು ಯಾರೂ ತೆಗೆಯಲಿಲ್ಲ.

ಡೋರಿಸ್ 1960ರ ದಶಕದ ಮೊದಲಲ್ಲಿ ಸಿಯಾಟಲ್ ಪೆಸಿಫಿಕ್ ಕಾಲೇಜಿಗೆ ಬಂದರು. ಊರಿನ ಕ್ವೀನ್ ಆನ್ ಗುಡ್ಡದ ಬುಡದಲ್ಲಿ, ಹಡಗು ಕಾಲುವೆಯ ಪಕ್ಕ ಇರುವ ಸಣ್ಣ ಕ್ರೈಸ್ತ ಕಾಲೇಜು. ಅಲ್ಲಿ ಕೆನ್ ಫೋರ್ಮನ್ ಎಂಬ ತರಬೇತುದಾರರಿದ್ದರು. ಹುಡುಗಿಯರು ದೂರ ಓಡಬಲ್ಲರು ಎಂದು ನಂಬಿದ, ನಂಬಿ ಕೆಲಸ ಮಾಡಿದ ಬೆರಳೆಣಿಕೆಯ ಜನರಲ್ಲಿ ಅವರೊಬ್ಬರು. ಫಾಲ್ಕನ್ ಟ್ರ್ಯಾಕ್ ಕ್ಲಬ್ ಕಟ್ಟಿಕೊಂಡು ಮಹಿಳೆಯರಿಗೆ ತರಬೇತಿ ಕೊಟ್ಟರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಮಹಿಳೆಯರಿಗಾಗಿ ಕ್ರಾಸ್‌ಕಂಟ್ರಿ ಚಾಂಪಿಯನ್‌ಶಿಪ್ ಶುರುಮಾಡಿದ್ದು 1981ರಲ್ಲಿ. ಅಂದರೆ ಡೋರಿಸ್ ಕಾಲೇಜು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ. ಅವರು ಶಾಲೆಯಲ್ಲಿ ಪಾಠ ಹೇಳುತ್ತಾ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಓಡುತ್ತಾ ದಿನ ಕಳೆದರು. ಸಿಯಾಟಲಿನ ಚಳಿಗಾಲ ಬಲ್ಲವರಿಗೆ ಈ ಮಾತಿನ ತೂಕ ಗೊತ್ತು: ಡಿಸೆಂಬರ್‌ನಲ್ಲಿ ಹೊತ್ತು ಮೂಡುವುದು ಎಂಟು ಗಂಟೆಯ ಹೊತ್ತಿಗೆ, ಮುಳುಗುವುದು ನಾಲ್ಕೂಕಾಲಿಗೆ, ನಡುವೆ ಜಿನುಗು ಮಳೆ. ಕೆಲಸಕ್ಕೆ ಹೋಗುವವರಿಗೆ ಎರಡು ಓಟಗಳೂ ಕತ್ತಲಲ್ಲೇ.

1966ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಳಾಂಗಣದಲ್ಲಿ ಒಂದು ಮೈಲಿಯನ್ನು 4 ನಿಮಿಷ 52 ಸೆಕೆಂಡಿನಲ್ಲಿ ಓಡಿದರು. ಒಳಾಂಗಣದಲ್ಲಿ ಐದು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲ ಮಹಿಳೆ. ಮರುವರ್ಷ ವೇಲ್ಸ್‌ನ ಬ್ಯಾರಿ ಎಂಬಲ್ಲಿ ಅಂತಾರಾಷ್ಟ್ರೀಯ ಕ್ರಾಸ್‌ಕಂಟ್ರಿ ಗೆದ್ದರು. ಅಲ್ಲಿಂದ 1971ರವರೆಗೆ ಸತತ ಐದು ವರ್ಷ ಆ ಪಟ್ಟ ಅವರದ್ದೇ. ಕ್ರಾಸ್‌ಕಂಟ್ರಿ ಎಂದರೆ ಕೆಸರು, ಏರು, ಹುಲ್ಲುಗಾವಲು, ಬೇಲಿ. ಗಿಗ್ ಹಾರ್ಬರಿನ ಕಾಡುದಾರಿಗಳಲ್ಲಿ ಪಳಗಿದ ಕಾಲಿಗೆ ಅದು ಪರಿಚಿತ ನೆಲ.

ಈಗ ನೋಡಿ: ಜಗತ್ತಿನ ಅತ್ಯುತ್ತಮ ದೂರದ ಓಟಗಾರ್ತಿ ಸಿಯಾಟಲ್‌ನಲ್ಲಿದ್ದರು, ಆದರೆ ಒಲಿಂಪಿಕ್ಸ್‌ನಲ್ಲಿ ಅವರಿಗೆ ತಕ್ಕ ಸ್ಪರ್ಧೆ ಇರಲಿಲ್ಲ. 1968ರ ಮೆಕ್ಸಿಕೋದಲ್ಲಿ ಮಹಿಳೆಯರಿಗೆ ಇದ್ದ ಅತಿ ಉದ್ದದ ಓಟ 800 ಮೀಟರ್. ಅವರ ಪಾಲಿಗೆ ಅದು ತೀರಾ ಗಿಡ್ಡ. ಆದರೂ ಇಳಿದರು, ಫೈನಲ್ ತಲುಪಿ ಐದನೆಯವರಾದರು. 1972ರ ಮ್ಯೂನಿಕ್‌ನಲ್ಲಿ ಕೊನೆಗೂ ಮಹಿಳೆಯರ 1,500 ಮೀಟರ್ ಸೇರಿಸಿದರು. ಡೋರಿಸ್‌ಗೆ ಆಗ ಮೂವತ್ತರ ಅಂಚು. ಸ್ಪರ್ಧೆಗೆ ಮುನ್ನ ಟ್ರ್ಯಾಕಿನ ಬದಿಯ ಅಂಚುಗಟ್ಟೆಗೆ ಕಾಲು ತಾಗಿ ಪಾದದ ಮೂಳೆ ಮುರಿಯಿತು. ಓಡಲಾಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಕಾನೂನು ಬಂದು, ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹುಡುಗಿಯರನ್ನು ದೂರ ಇಡುವಂತಿಲ್ಲ ಎಂದಾಯಿತು. ಕಾನೂನಿನ ಫಲ ಮುಂದಿನವರಿಗೆ. ಡೋರಿಸ್ ಮಾತ್ರ ಓಡುವುದನ್ನು ಬಿಡಲಿಲ್ಲ; 1976ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಎರಡನೆಯವರಾಗಿ ಬಂದರು. ಆಮೇಲೆ ದಶಕಗಳ ಕಾಲ ತಾವು ಕಲಿತ ಕಾಲೇಜಿನಲ್ಲೇ ತರಬೇತಿ ಕೊಟ್ಟರು. ಈ ಸೀಮೆಯ ಓಟಗಾರರಲ್ಲಿ ದೊಡ್ಡವರು ಯಾರು ಎಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳುವುದು ಅವರ ಹೆಸರನ್ನೇ. ಅವರ 4:52 ಇವತ್ತು ಪ್ರೌಢಶಾಲೆಯ ಒಳ್ಳೆಯ ಹುಡುಗಿಯ ವೇಗ ಎಂಬುದು ನನ್ನ ಅಭಿಪ್ರಾಯವನ್ನು ಒಂದಿನಿತೂ ಅಲುಗಿಸುವುದಿಲ್ಲ.

ಕಾಲ ಸರಿದಂತೆ ಓಟ ತಾನಾಗಿ ವೇಗವಾಗುತ್ತದೆ ಎಂದುಕೊಂಡರೆ ಅದೂ ತಪ್ಪು. ರಾಜ್ಯದ ಪೂರ್ವ ಭಾಗದ ಸ್ಪೋಕೇನ್‌ನಲ್ಲಿ ಜೆರಿ ಲಿಂಡ್‌ಗ್ರೆನ್ ಎಂಬ ಕಡ್ಡಿ ಮೈಯ ಹುಡುಗನಿದ್ದ. 1964ರ ಜುಲೈನಲ್ಲಿ, ಹದಿನೆಂಟು ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ನಡೆದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಪಂದ್ಯದಲ್ಲಿ ಅನುಭವಿ ರಷ್ಯನ್ನರನ್ನು ಹಿಂದೆ ಹಾಕಿ 10,000 ಮೀಟರ್ ಗೆದ್ದ. ಅದೇ ವರ್ಷ ಪ್ರೌಢಶಾಲಾ ವಿದ್ಯಾರ್ಥಿಯಾಗಿ 5,000 ಮೀಟರನ್ನು 13 ನಿಮಿಷ 44 ಸೆಕೆಂಡಿನಲ್ಲಿ ಓಡಿದ. ಅಮೆರಿಕದ ಪ್ರೌಢಶಾಲಾ ಮಟ್ಟದಲ್ಲಿ ಅದನ್ನು ಮುರಿಯಲು 2004ರವರೆಗೆ, ಗೇಲನ್ ರಪ್ ಬರುವವರೆಗೆ ಕಾಯಬೇಕಾಯಿತು. ಒಳಾಂಗಣದ ಎರಡು ಮೈಲಿಯ 8:40 ಇನ್ನೂ ಗಟ್ಟಿ, 2013ರವರೆಗೂ ನಿಂತಿತು. ನಲವತ್ತು ವರ್ಷ, ನಲವತ್ತೊಂಬತ್ತು ವರ್ಷ. ಅಷ್ಟರಲ್ಲಿ ಶೂ ಬದಲಾಯಿತು. ಸುಟ್ಟ ಕಲ್ಲಿದ್ದಲಿನ ಚೂರು ಹಾಸಿದ ಸಿಂಡರ್ ಟ್ರ್ಯಾಕ್ ಹೋಗಿ ರಬ್ಬರಿನಂಥ ಸಿಂಥೆಟಿಕ್ ಬಂತು. ಆಹಾರ ವಿಜ್ಞಾನ, ದೇಹ ವಿಜ್ಞಾನ ಎಲ್ಲ ಬೆಳೆಯಿತು. ಹುಡುಗನ ಸಮಯ ಮಾತ್ರ ಹಾಗೇ ಉಳಿದಿತ್ತು. ಅವನು ಓಡುತ್ತಿದ್ದ ಮೈಲಿಗಳ ಲೆಕ್ಕ ಕೇಳಿದರೆ ಇವತ್ತಿನ ತರಬೇತುದಾರರು ಗಾಬರಿಯಾಗುತ್ತಾರೆ.

ಈ ಸೀಮೆಯ ಇನ್ನೊಬ್ಬ ಓಟಗಾರ ಡಾನ್ ಕಾರ್ಡಾಂಗ್ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ ಹುಟ್ಟಿದವರು. ಸಿಯಾಟಲ್ ಪ್ರೆಪ್ ಶಾಲೆ, ಸ್ಟ್ಯಾನ್‌ಫರ್ಡ್, ಆಮೇಲೆ ಸ್ಪೋಕೇನ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ. ಡೋರಿಸ್ ಹಾಗೆ ಇವರೂ ಮೇಷ್ಟ್ರು. 1976ರ ಮಾಂಟ್ರಿಯಲ್ ಮ್ಯಾರಥಾನಿನಲ್ಲಿ 2 ಗಂಟೆ 11 ನಿಮಿಷ 16 ಸೆಕೆಂಡಿನಲ್ಲಿ ನಾಲ್ಕನೆಯವರಾಗಿ ಬಂದರು. ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ ಮೂರು ಸೆಕೆಂಡು. ಚಿನ್ನ ಗೆದ್ದದ್ದು ಪೂರ್ವ ಜರ್ಮನಿಯ ವಾಲ್ಡೆಮಾರ್ ಚಿಯರ್ಪಿನ್‌ಸ್ಕಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಆ ದೇಶದ ಉದ್ದೀಪನ ಯೋಜನೆಯ ಕಡತಗಳು ಹೊರಬಿದ್ದಾಗ ಅವರ ಹೆಸರೂ ಚರ್ಚೆಗೆ ಬಂತು, ಫಲಿತಾಂಶ ಬದಲಾಗಲಿಲ್ಲ. ಅದೇ ಓಟದಲ್ಲಿ ನಮ್ಮ ಸೇನೆಯ ಶಿವನಾಥ್ ಸಿಂಗ್ ಇದ್ದರು, 2 ಗಂಟೆ 16 ನಿಮಿಷ 22 ಸೆಕೆಂಡಿನಲ್ಲಿ ಹನ್ನೊಂದನೆಯ ಸ್ಥಾನ. ಬಿಹಾರದ ಬಕ್ಸರ್ ಕಡೆಯ ಅವರು ಬರಿಗಾಲಿನ ಓಟಕ್ಕೆ ಹೆಸರಾದವರು. ಎರಡು ವರ್ಷದ ನಂತರ ಜಲಂಧರ್‌ನಲ್ಲಿ ಅವರು ಓಡಿದ 2:12:00 ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಭಾರತದ ದಾಖಲೆಯಾಗಿ ನಿಂತಿತು. ಲಿಂಡ್‌ಗ್ರೆನ್ ಕತೆಗೆ ಇದು ನಮ್ಮ ನೆಲದ ಜೋಡಿ.

ಅಮೆರಿಕದಲ್ಲೂ ಇಳಿಗಾಲ ಬಂತು. 1976ರ ಒಲಿಂಪಿಕ್ ಮ್ಯಾರಥಾನ್ ಆಯ್ಕೆ ಓಟದಲ್ಲಿ ಮೂರನೆಯವರಾಗಿದ್ದ ಕಾರ್ಡಾಂಗ್ 2:13:54 ಓಡಿದ್ದರು. 2000ದ ಆಯ್ಕೆಯಲ್ಲಿ ಗೆದ್ದವರ ಸಮಯವೇ 2:15:30. ಆ ದಿನ ಪಿಟ್ಸ್‌ಬರ್ಗ್‌ನಲ್ಲಿ ಸೆಕೆ ಇತ್ತು ನಿಜ. ಆದರೂ ಸಿಡ್ನಿ ಒಲಿಂಪಿಕ್ಸ್‌ನ ಮ್ಯಾರಥಾನಿಗೆ ಅಷ್ಟು ದೊಡ್ಡ ದೇಶದಿಂದ ಹೋದದ್ದು ಒಬ್ಬ ಗಂಡಸು, ಒಬ್ಬ ಹೆಂಗಸು. ಊರೂರಲ್ಲಿ ಸಾವಿರಾರು ಜನ ಓಡುವ ಹಬ್ಬಗಳು ಹುಟ್ಟಿಕೊಂಡಿದ್ದವು (ಸ್ಪೋಕೇನ್‌ನ ಬ್ಲೂಮ್ಸ್‌ಡೇ ಓಟವನ್ನು 1977ರಲ್ಲಿ ಶುರುಮಾಡಿದ್ದು ಇದೇ ಕಾರ್ಡಾಂಗ್), ಆದರೆ ಅಗಲ ಹೆಚ್ಚಿದಷ್ಟೂ ತುದಿ ಮೊಂಡಾಗಿತ್ತು. ವಾರಕ್ಕೆ ನೂರಕ್ಕೂ ಹೆಚ್ಚು ಮೈಲಿ ಓಡುತ್ತಿದ್ದ ತಲೆಮಾರಿನ ಕಷ್ಟ ಮುಂದಿನವರಿಗೆ ಬೇಡವಾಯಿತು ಎಂದು ಹಳೆಯ ತರಬೇತುದಾರರು ಹೇಳುವುದುಂಟು. ಅದರಲ್ಲಿ ಹುರುಳಿದೆ ಎಂದೇ ನನಗೂ ಅನಿಸುತ್ತದೆ.

ಹಣದ ವಿಷಯವನ್ನೂ ಬಿಡುವಂತಿಲ್ಲ. ಕಾರ್ಡಾಂಗ್ ಕಾಲದ ಓಟಗಾರರು ಬಹುಮಾನದ ಹಣ ಬಹಿರಂಗವಾಗಿ ಮುಟ್ಟಿದರೆ ಹವ್ಯಾಸಿ ಪಟ್ಟ ಹೋಗುತ್ತಿತ್ತು, ಒಲಿಂಪಿಕ್ಸ್ ಬಾಗಿಲು ಮುಚ್ಚುತ್ತಿತ್ತು. ಮೇಜಿನ ಕೆಳಗೆ ಕೈಗೆ ಲಕೋಟೆ ಬರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. 1981ರ ಜೂನ್‌ನಲ್ಲಿ ಪಕ್ಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಕ್ಯಾಸ್ಕೇಡ್ ರನ್ ಆಫ್‌ನಲ್ಲಿ ಓಟಗಾರರು ಸಂಘ ಕಟ್ಟಿಕೊಂಡು, ಎಲ್ಲರೆದುರೇ ಬಹುಮಾನದ ಹಣ ತೆಗೆದುಕೊಂಡರು. ಆ ಸಂಘದ ಮುಂದಾಳುಗಳಲ್ಲಿ ಕಾರ್ಡಾಂಗ್ ಒಬ್ಬರು. ಅಮಾನತಿನ ಬೆದರಿಕೆಗಳು ಬಂದವು, ಜಗಳ ನಡೆಯಿತು, ಕೊನೆಗೆ ನಿಯಮವೇ ಬಾಗಿತು. ಇವತ್ತಿನ ಓಟಗಾರನಿಗೆ ಶೂ ಕಂಪನಿ ಸಂಬಳ ಕೊಡುತ್ತದೆ ಎಂದರೆ ಅದರ ಹಿಂದೆ ಆ ಬೆಳಗ್ಗೆ ಪಣಕ್ಕೆ ಬಿದ್ದ ಹಲವರ ಒಲಿಂಪಿಕ್ಸ್ ಕನಸಿದೆ.

ಮೂರು ವರ್ಷದ ನಂತರ, 1984ರ ಮೇ 12ರಂದು, ಸಿಯಾಟಲ್‌ನಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನಷ್ಟು ದೂರದ ರಾಜಧಾನಿ ಒಲಿಂಪಿಯಾದಲ್ಲಿ ಅಮೆರಿಕದ ಮೊದಲ ಮಹಿಳಾ ಒಲಿಂಪಿಕ್ ಮ್ಯಾರಥಾನ್ ಆಯ್ಕೆ ಓಟ ನಡೆಯಿತು. ಅರ್ಹತೆಯ ಗೆರೆ 2 ಗಂಟೆ 51 ನಿಮಿಷ 16 ಸೆಕೆಂಡು. ಅದನ್ನು ದಾಟಿದ್ದ ಇನ್ನೂರಕ್ಕೂ ಹೆಚ್ಚು ಮಹಿಳೆಯರು ಅಂದು ಸಾಲಾಗಿ ನಿಂತರು. ಹದಿನೇಳು ದಿನಗಳ ಹಿಂದಷ್ಟೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಜೋನ್ ಬೆನಾಯ್ಟ್ 2:31:04ರಲ್ಲಿ ಗೆದ್ದರು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ಚಿನ್ನವೂ ಅವರಿಗೇ ಬಂತು. ಆ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಸಹಾಯಕ ತರಬೇತುದಾರರ ಸಾಲಿನಲ್ಲಿ ಡೋರಿಸ್ ಇದ್ದರು. ಮೆಕ್ಸಿಕೋದಲ್ಲಿ 800 ಮೀಟರಿಗೆ ನಿಂತ ಗೆರೆ ಹದಿನಾರು ವರ್ಷಗಳಲ್ಲಿ 42 ಕಿಲೋಮೀಟರಿಗೆ ಬಂದಿತ್ತು. ಮಹಿಳೆಯರ ಸ್ನಾಯುಗಳಾಗಲೀ ಶ್ವಾಸಕೋಶಗಳಾಗಲೀ ಹದಿನಾರು ವರ್ಷಗಳಲ್ಲಿ ಬದಲಾಗುವುದಿಲ್ಲವಷ್ಟೆ.

ಇನ್ನು ಇಂದಿನವರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ತೆರೆದ ಡೆಂಪ್ಸಿ ಎಂಬ ಒಳಾಂಗಣವಿದೆ. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಬೆಚ್ಚಗೆ, ಗಾಳಿಯಿಲ್ಲದೆ ಓಡಬಹುದು. ಟ್ರ್ಯಾಕ್ 307 ಮೀಟರ್, ಮಾಮೂಲಿ ಒಳಾಂಗಣದ 200 ಮೀಟರಿಗಿಂತ ದೊಡ್ಡದು. ತಿರುವು ಹಿರಿದಾದ್ದರಿಂದ ವೇಗ ಕಡಿಮೆಯಾಗದೆ ಸಾಗುತ್ತದೆ. ಫೆಬ್ರವರಿಯಲ್ಲಿ ದೇಶದ ಮೂಲೆ ಮೂಲೆಯಿಂದ ಕಾಲೇಜು ಹುಡುಗರು ಇಲ್ಲಿಗೆ ಬರುತ್ತಾರೆ, ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿ ಹೋಗುತ್ತಾರೆ. 1954ರಲ್ಲಿ ರೋಜರ್ ಬ್ಯಾನಿಸ್ಟರ್ ಅದನ್ನು ಮಾಡಿದಾಗ ಜಗತ್ತೇ ಬೆರಗಾಗಿತ್ತು. ಆದರೆ ಡೆಂಪ್ಸಿಯಲ್ಲಿ ಎಷ್ಟೇ ವೇಗವಾಗಿ ಓಡಿದರೂ ಒಳಾಂಗಣ ವಿಶ್ವ ದಾಖಲೆಗೆ ಲೆಕ್ಕವಿಲ್ಲ, ಟ್ರ್ಯಾಕಿನ ಅಳತೆ ನಿಯಮ ಮೀರಿದೆ.

ಇಂದಿನವರನ್ನು ಹಗುರವಾಗಿ ಕಾಣುವುದೂ ಅನ್ಯಾಯವೇ. 2008ರಲ್ಲಿ ಈ ವಿಶ್ವವಿದ್ಯಾಲಯದ ಹುಡುಗಿಯರು ರಾಷ್ಟ್ರೀಯ ಕ್ರಾಸ್‌ಕಂಟ್ರಿ ಪಟ್ಟ ಗೆದ್ದರು. ಅದಕ್ಕೂ ಮೊದಲು ತಮ್ಮ ವಲಯದ ಓಟದಲ್ಲಿ ಮೊದಲ ಆರೂ ಸ್ಥಾನಗಳನ್ನು ತಾವೇ ಬಾಚಿಕೊಂಡಿದ್ದರು. ಸಿಯಾಟಲ್ ಪೂರ್ವದ ಬೆಟ್ಟದ ಬುಡದ ಸ್ನೋಕ್ವಾಲ್ಮಿಯ ಜೋ ವಾಸ್ಕಮ್ ಇದೇ ವಿಶ್ವವಿದ್ಯಾಲಯದ ಪರವಾಗಿ ಓಡಿ 2022ರಲ್ಲಿ 1,500 ಮೀಟರಿನ ಕಾಲೇಜು ಚಾಂಪಿಯನ್. ಮರುವರ್ಷ ಅದೇ ತಂಡದ ನೇಥನ್ ಗ್ರೀನ್. ಶೂ ತಯಾರಿಸುವ ಬ್ರೂಕ್ಸ್ ಕಂಪನಿಯ ಕೇಂದ್ರ ಕಚೇರಿ ಸಿಯಾಟಲಿನಲ್ಲೇ ಇದೆ. ಅದರ ಬೀಸ್ಟ್ಸ್ ತಂಡದ ಜಾಶ್ ಕೆರ್ 2023ರಲ್ಲಿ ಬುಡಾಪೆಸ್ಟ್‌ನಲ್ಲಿ 1,500 ಮೀಟರ್ ವಿಶ್ವ ಚಾಂಪಿಯನ್ ಆದರು, ಮರುವರ್ಷ ಪ್ಯಾರಿಸ್‌ನಲ್ಲಿ 3:27.79 ಓಡಿ ಬೆಳ್ಳಿ ಪಡೆದರು. ಓಡುವುದೇ ಅವರ ಉದ್ಯೋಗ. ಎತ್ತರದ ಊರಿನಲ್ಲಿ ಶಿಬಿರ, ಮೈ ನೀವುವವರು, ರಕ್ತ ಪರೀಕ್ಷೆ, ಮಧ್ಯಾಹ್ನದ ನಿದ್ದೆ. ಒತ್ತಡವೂ ಅಷ್ಟೇ ಇದೆ: ಒಪ್ಪಂದ ನವೀಕರಣವಾಗದಿದ್ದರೆ ಊಟಕ್ಕೆ ಕುತ್ತು. ಕಾಲು ನೋವು ಬಂದರೆ ಡೋರಿಸ್‌ಗೆ ಓಟ ಮಾತ್ರ ತಪ್ಪುತ್ತಿತ್ತು, ಇವರಿಗೆ ಆದಾಯವೂ ತಪ್ಪುತ್ತದೆ.

ಶೂಗಳ ಜಗಳವಂತೂ ಇನ್ನೂ ಮುಗಿದಿಲ್ಲ. ದಪ್ಪ, ಹಗುರ, ಚಿಮ್ಮುವ ಫೋಮ್, ನಡುವೆ ಕಾರ್ಬನ್ ಪಟ್ಟಿ. 2017ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದವರು ಅಂಥ ಮೊದಲ ಶೂವನ್ನು ಪರೀಕ್ಷಿಸಿದಾಗ, ಅದೇ ವೇಗಕ್ಕೆ ಓಟಗಾರರ ಶಕ್ತಿಯ ಖರ್ಚು ಸರಾಸರಿ ನೂರಕ್ಕೆ ನಾಲ್ಕರಷ್ಟು ಇಳಿದಿತ್ತು. 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಪಟ್ಟಿ ಒಂದೇ ಇರಬೇಕು ಎಂದು ನಿಯಮ ಮಾಡಿತು. ಶಕ್ತಿಯ ಉಳಿತಾಯವೆಲ್ಲ ನೇರವಾಗಿ ವೇಗವಾಗುವುದಿಲ್ಲ, ಎಲ್ಲರಿಗೂ ಒಂದೇ ಸಮ ಒದಗುವುದೂ ಇಲ್ಲ. ಹಾಗಾಗಿ ಕಾರ್ಡಾಂಗ್ ಇಂಥ ಶೂ ತೊಟ್ಟಿದ್ದರೆ ಎಷ್ಟಕ್ಕೆ ಓಡುತ್ತಿದ್ದರು ಎಂಬ ಲೆಕ್ಕ ಹಾಕುವವರು ತಮ್ಮ ಮನಸ್ಸಿನ ಆಸೆಯನ್ನೇ ಲೆಕ್ಕ ಹಾಕುತ್ತಿರುತ್ತಾರೆ.

ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆಯ ಕನ್ನಡ ಮನೆಗಳ ಮಕ್ಕಳೂ ಈಗ ಶಾಲೆಯ ಕ್ರಾಸ್‌ಕಂಟ್ರಿ ತಂಡಗಳಲ್ಲಿ ಓಡುತ್ತಾರೆ. ಹದಿನಾಲ್ಕರ ಹುಡುಗಿಗೂ ಹುಡುಗನಿಗೂ ಒಂದೇ ದೂರ, 5 ಕಿಲೋಮೀಟರ್. ಓಟ ಮುಗಿದೊಡನೆ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ, "ಟೈಮ್ ಎಷ್ಟಾಯ್ತು ಪುಟ್ಟಿ?" ಆ ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಹೆಸರು ನಮ್ಮ ಬೆಳಗಾವಿಯದು. 1920ರಲ್ಲಿ ದೊರಾಬ್ಜಿ ಟಾಟಾ ಮುಂದೆ ನಿಂತು ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ಕೆಲವು ಕ್ರೀಡಾಪಟುಗಳನ್ನು ಕಳುಹಿಸಿದಾಗ ಅವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾದರು, 2 ಗಂಟೆ 50 ನಿಮಿಷ 45 ಸೆಕೆಂಡು. ಒಲಿಂಪಿಯಾದ ಮಹಿಳೆಯರಿಗೆ ಇಟ್ಟ ಅರ್ಹತೆಯ ಗೆರೆಗಿಂತ ಅರ್ಧ ನಿಮಿಷವಷ್ಟೇ ಮುಂದೆ. ಇವತ್ತು ಸಿಯಾಟಲ್ ಮ್ಯಾರಥಾನಿನಲ್ಲಿ ಕಚೇರಿ ಕೆಲಸದ ನಡುವೆ ತಯಾರಾದ ಒಳ್ಳೆಯ ಹವ್ಯಾಸಿ ಆ ವೇಗಕ್ಕೆ ಬರುತ್ತಾನೆ. ಆದರೆ ಆಂಟ್‌ವರ್ಪ್‌ನ ದಾರಿ 42.75 ಕಿಲೋಮೀಟರ್ ಇತ್ತು, ಇವತ್ತಿನ ಮ್ಯಾರಥಾನಿಗಿಂತ 555 ಮೀಟರ್ ಹೆಚ್ಚು. ಅದೇ ವೇಗದಲ್ಲಿ ಇವತ್ತಿನ ದೂರ ಓಡಿದ್ದರೆ ಚೌಗುಲೆ ಅವರ ಸಮಯ 2 ಗಂಟೆ 48 ನಿಮಿಷ 32 ಸೆಕೆಂಡಿನ ಹತ್ತಿರ ಆಗುತ್ತಿತ್ತು.